ಹಳೆಯ ಕಾರಿನ ಅಂಟು, ಕೆರೆಯ ನೀರು

ಮುಂಡಗೋಡ ತಾಲ್ಲೂಕಿನ ಟಿಬೆಟನ್ ಕಾಲೊನಿಯಲ್ಲಿ ಹೊಸ ವರ್ಷದ ಹಿಂದಿನ ದಿನಗಳೆಂದರೆ ಶುಚಿಗೊಳಿಸುವ ದಿನಗಳು. ಅವರ ಲೋಸಾರ್ ಹಬ್ಬ ಸಾಮಾನ್ಯವಾಗಿ ಫೆಬ್ರುವರಿ ಇಲ್ಲವೇ ಮಾರ್ಚ್ ತಿಂಗಳಲ್ಲಿ ಬರುತ್ತದೆ. ಅದಕ್ಕೆ ಮುನ್ನ, ಟಿಬೆಟನ್ ಪಂಚಾಂಗದ ಹನ್ನೆರಡನೆಯ ತಿಂಗಳ ಇಪ್ಪತ್ತೊಂಬತ್ತನೆಯ ದಿನ, ಮನೆಯ ಮೂಲೆಮೂಲೆಯನ್ನೂ ಗುಡಿಸಿ ಒರೆಸಿ, ಸಂಜೆ ಗುತುಕ್ ಎಂಬ ಹಿಟ್ಟಿನುಂಡೆಗಳ ಸಾರನ್ನು ಕುಡಿಯುತ್ತಾರೆ. ಹಿಟ್ಟಿನಿಂದ ಮಾಡಿದ ಪುಟ್ಟ ಗೊಂಬೆಯೊಂದರ ಮೇಲೆ ಕಳೆದ ವರ್ಷದ ಕೇಡನ್ನೆಲ್ಲ ಹೊರಿಸಿ ದಾರಿಗಳು ಕೂಡುವಲ್ಲಿ ಇಟ್ಟುಬರುವ ಪದ್ಧತಿಯೂ ಇದೆ. ಚಳಿಗಾಲದಲ್ಲಿ ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋದ ಕುಟುಂಬಗಳು ಮರಳಿ ಸೇರುವುದೂ ಇದೇ ಹೊತ್ತಿಗೆ. ವ್ಯಾಪಾರದಲ್ಲಿ ನಾಲ್ಕು ಕಾಸು ಉಳಿದಿದ್ದರೆ ಕೆಲವರ ಅಂಗಳಕ್ಕೆ ಹಳೆಯ ಕಾರೊಂದು ಬಂದು ನಿಲ್ಲಬಹುದು. ಆಗ ಶುಚಿಗೊಳಿಸುವ ಕೆಲಸದ ಪಟ್ಟಿಗೆ ಇನ್ನೊಂದು ಸೇರುತ್ತದೆ.

ಇದೇ ತಾಲ್ಲೂಕಿನ ಕನ್ನಡದ ಹಳ್ಳಿಗಳಲ್ಲಿ ಇಂಥದೇ ದಿನ ಮಹಾನವಮಿಯದು. ನೇಗಿಲು, ಕತ್ತಿ, ಕುಡಗೋಲುಗಳ ಜೊತೆಗೆ ಟ್ರ್ಯಾಕ್ಟರು, ಬೈಕು, ಕಾರುಗಳಿಗೂ ಅಂದು ಸ್ನಾನ, ಪೂಜೆ. ಕೆರೆಯ ದಂಡೆಗೆ, ಹಳ್ಳದ ಹರಿವಿಗೆ ಗಾಡಿ ಇಳಿಸಿ ತೊಳೆಯುವ ರೂಢಿ ಮಲೆನಾಡಿನಾದ್ಯಂತ ಇದೆ. ಎರಡು ಹಬ್ಬಗಳ ನಡುವೆ ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಆಯುಧಪೂಜೆ ಬರುವುದು ಮಳೆಗಾಲ ಮುಗಿಯುವ ಹೊತ್ತಿಗೆ, ಕೆರೆ ಕಟ್ಟೆ ತುಂಬಿರುವಾಗ. ಲೋಸಾರ್ ಬರುವುದು ಬಿಸಿಲು ಏರತೊಡಗಿ ಬಾವಿಯ ನೀರು ತಳ ಸೇರುತ್ತಿರುವಾಗ. ಒಂದೇ ಬಗೆಯ ಕೊಳಕು ಅಕ್ಟೋಬರಿನಲ್ಲಿ ಬೆರೆಯುವ ನೀರು ಬೇರೆ, ಮಾರ್ಚಿನಲ್ಲಿ ಬೆರೆಯುವ ನೀರು ಬೇರೆ.

ಹಳೆಯ ಕಾರು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲವೆಂಬುದನ್ನು ಮೊದಲೇ ಹೇಳಬೇಕು. ಗಣಿಯ ಅದಿರು, ಕುಲುಮೆಯ ಬೆಂಕಿ, ಅಣೆಕಟ್ಟಿನ ವಿದ್ಯುತ್ತು, ಇವೆಲ್ಲ ಒಮ್ಮೆ ಖರ್ಚಾಗಿ ತಯಾರಾದ ವಾಹನ ಇನ್ನೂ ಹತ್ತು ವರ್ಷ ಓಡುವುದಾದರೆ ಅದನ್ನು ಓಡಿಸುವುದೇ ವಿವೇಕ. ಹೊಗೆಯ ತಪಾಸಣೆಯಲ್ಲಿ ಅದು ತೇರ್ಗಡೆಯಾಗಬೇಕು, ಅಷ್ಟೆ. ಮಣ್ಣಿನ ದಾರಿಗೆ ಹೇಳಿಮಾಡಿಸಿದಂತಿದ್ದ ಮಾರುತಿ ಓಮ್ನಿ, ಟಾಟಾ ಸುಮೊಗಳ ತಯಾರಿಕೆ 2019ರಲ್ಲಿ ನಿಂತುಹೋಯಿತು. ಮಾರುತಿ 800 ಅದಕ್ಕೂ ಐದು ವರ್ಷ ಮೊದಲೇ, 2014ರಲ್ಲಿ, ವಿದಾಯ ಹೇಳಿತ್ತು. ಈ ಗಾಡಿಗಳು ಬೇಕೆಂದರೆ ಈಗ ಇನ್ನೊಬ್ಬರು ಓಡಿಸಿದ್ದನ್ನೇ ಕೊಳ್ಳಬೇಕು. 1966ರಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 4,000 ಎಕರೆ ಭೂಮಿಯಲ್ಲಿ ನೆಲೆಗೊಂಡ ಈ ವಸಾಹತು ಹತ್ತಾರು ಕ್ಯಾಂಪುಗಳಾಗಿ ಹರಡಿಕೊಂಡಿದೆ. ಗಾಡೆನ್ ಮಠವಿರುವ ಲಾಮಾ ಕ್ಯಾಂಪ್ 1, ಡ್ರೆಪುಂಗ್ ಮಠವಿರುವ ಲಾಮಾ ಕ್ಯಾಂಪ್ 2, ಉಳಿದ ಸಂಸಾರಸ್ಥರ ಕ್ಯಾಂಪುಗಳು, ಮುಂಡಗೋಡ ಪೇಟೆ, ಇವುಗಳ ನಡುವೆ ಓಡಾಡಲು ವಾಹನ ಬೇಕು. ರೋಗಿಯನ್ನು ಹುಬ್ಬಳ್ಳಿಗೆ ಒಯ್ಯಲಂತೂ ಬೇಕೇ ಬೇಕು. ಸುತ್ತಲಿನ ಕನ್ನಡದ ಹಳ್ಳಿಗಳ ಸ್ಥಿತಿಯೂ ಬೇರೆಯಲ್ಲ.

ಹಳೆಯ ಕಾರು ಒಂಟಿಯಾಗಿ ಬರುವುದಿಲ್ಲ. ಹಿಂದಿನ ಒಡೆಯನ ಚರಿತ್ರೆಯನ್ನು ಮೈಮೇಲೆ ಹೊತ್ತು ಬರುತ್ತದೆ. ಹಿಂದಿನ ಗಾಜಿನಲ್ಲಿ ಅವನ ಕುಲದೈವದ ಹೆಸರು, ಮಕ್ಕಳ ಹೆಸರು, ಮೆಚ್ಚಿನ ನಟನ ಮುಖ. ಬಾಗಿಲ ಮೇಲೆ ಟ್ರಾವೆಲ್ಸಿನ ಫಲಕ, ದೂರವಾಣಿ ಸಂಖ್ಯೆ. ಡಿಕ್ಕಿಯ ಮೇಲೆ ಮಾರಿದ ಷೋರೂಮಿನ ಹೆಸರು, ಸಾಲ ಕೊಟ್ಟ ಬ್ಯಾಂಕಿನ ಚೀಟಿ. ಬದಿಯಲ್ಲಿ ಬಿಸಿಲಿಗೆ ಬಿರಿದ ಪಟ್ಟೆಗಳು. ಕೆಲವು ಗಾಡಿಗಳಲ್ಲಿ 'ಪ್ರೆಸ್', 'ಪೊಲೀಸ್', 'ಕರ್ನಾಟಕ ಸರ್ಕಾರ' ಎಂಬ ಬರಹಗಳೂ ಇರುತ್ತವೆ. ಇವನ್ನು ತೆಗೆಯುವುದು ಬರಿಯ ಚೆಂದಕ್ಕಾಗಿ ಅಲ್ಲ. ತನಗೆ ಸಂಬಂಧವಿಲ್ಲದ ಪಕ್ಷದ ಚಿಹ್ನೆಯನ್ನೋ ತನ್ನದಲ್ಲದ ಹುದ್ದೆಯನ್ನೋ ಗಾಡಿಯ ಮೇಲೆ ಹೊತ್ತು ತಿರುಗುವುದು ಯಾರಿಗೂ ತರವಲ್ಲ. ರಾಷ್ಟ್ರ ಲಾಂಛನದ ದುರ್ಬಳಕೆಯನ್ನು ತಡೆಯಲೆಂದೇ 2005ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿದೆ. ನಿರಾಶ್ರಿತನಾಗಿ ಬಂದು ನಿಂತ ನೆಲದಲ್ಲಿ ಬದುಕುವವನಿಗಂತೂ ತಪಾಸಣೆಯ ಗೇಟಿನಲ್ಲಿ ಇಂಥ ಬರಹಕ್ಕೆ ವಿವರಣೆ ಕೊಡುವ ಪ್ರಸಂಗ ಬೇಡವೇ ಬೇಡ.

ಆದ್ದರಿಂದ ತೆಗೆಯುವುದು ಸರಿ. ಪ್ರಶ್ನೆ ಇರುವುದು ತೆಗೆಯುವ ಬಗೆಯಲ್ಲಿ. ಸ್ಟಿಕ್ಕರನ್ನು ಉಗುರಿನಿಂದ ಕೆರೆದು ಎಳೆದರೆ ಮೇಲಿನ ಹಾಳೆ ಚೂರುಚೂರಾಗಿ ಬರುತ್ತದೆ, ಅಂಟು ಅಲ್ಲಿಯೇ ಉಳಿಯುತ್ತದೆ. ಉಳಿದ ಅಂಟಿಗೆ ಧೂಳು ಹಿಡಿದು ಅರ್ಧ ದಿನದಲ್ಲಿ ಕಪ್ಪು ಕಲೆಯಾಗುತ್ತದೆ. ಆಗ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: 'ಸ್ವಲ್ಪ ಪೆಟ್ರೋಲ್ ಹಾಕಿ ಉಜ್ಜಿ.' ಪೆಟ್ರೋಲಿಗೆ ಜಗ್ಗದಿದ್ದರೆ ತಿನ್ನರ್. ಬೈಕಿನ ಟ್ಯಾಂಕಿನಿಂದ ಬಾಟಲಿಗೆ ಇಳಿಸಿಕೊಂಡ ಪೆಟ್ರೋಲನ್ನು ಹಳೆಯ ಬನಿಯನ್ನಿನ ತುಂಡಿಗೆ ಸುರಿದು, ಬರಿಗೈಯಲ್ಲಿ ಉಜ್ಜಿ, ಕೊನೆಗೆ ಎರಡು ಬಕೆಟ್ ನೀರು ಎರಚಿದರೆ ಕೆಲಸ ಮುಗಿಯಿತು. ಕಾರು ಹೊಳೆಯುತ್ತದೆ. ಅಂಟು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

ಇಲ್ಲಿ ಒಂದು ಸರಳ ಲೆಕ್ಕವನ್ನು ಮಾಡಿ ನೋಡಬಹುದು. ವಿದ್ಯಾರ್ಥಿಗಳು ತರಗತಿಯಲ್ಲಿಯೂ ಮಾಡಬಹುದಾದದ್ದು. ಭಾರತದಲ್ಲಿ ಮಾರಾಟವಾಗುವ ಪೆಟ್ರೋಲಿನಲ್ಲಿ ಪ್ರತಿಶತ 1ರವರೆಗೆ ಬೆಂಜೀನ್ ಇರಲು ನಿಯಮದ ಅವಕಾಶವಿದೆ. ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂಬುದರಲ್ಲಿ ವೈದ್ಯಲೋಕಕ್ಕೆ ಸಂಶಯ ಉಳಿದಿಲ್ಲ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಟಿಕ್ಕರ್ ತೆಗೆಯಲು ಚಹಾದ ಚಿಕ್ಕ ಲೋಟದಷ್ಟು, ಅಂದರೆ 100 ಮಿಲಿಲೀಟರ್ ಪೆಟ್ರೋಲ್ ಬಳಸಿದರೆನ್ನಿ. ಅದರಲ್ಲಿ ಗರಿಷ್ಠ 1 ಮಿಲಿಲೀಟರ್, ತೂಕದಲ್ಲಿ ಸುಮಾರು 880 ಮಿಲಿಗ್ರಾಂ ಬೆಂಜೀನ್ ಇರಬಹುದು. ಅದೆಲ್ಲವೂ ನೀರಿಗೆ ಸೇರಿತೆಂದು ಭಾವಿಸಿದರೆ 88,000 ಲೀಟರ್ ನೀರನ್ನು ಆ ಗಡಿಗೆ ಮುಟ್ಟಿಸಲು ಅಷ್ಟು ಸಾಕು. ಹತ್ತು ಅಡಿ ಅಗಲದ ಬಾವಿಯಲ್ಲಿ ಹದಿಮೂರು ಅಡಿ ನೀರಿದ್ದರೆ ಅದು ಸುಮಾರು 29,000 ಲೀಟರ್. ಅಂದರೆ ಒಂದು ಲೋಟ ಪೆಟ್ರೋಲಿಗೆ ಮೂರು ಬಾವಿ.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ಪೆಟ್ರೋಲ್ ಬಹುಬೇಗ ಆವಿಯಾಗುತ್ತದೆ. ಅದರ ಬಹುಪಾಲು ನೀರಿಗೆ ಸೇರುವುದಿಲ್ಲ. ಆದ್ದರಿಂದ ಮೂರು ಬಾವಿ ಎಂಬುದು ಆಗುವ ಹಾನಿಯ ಅಳತೆಯಲ್ಲ, ಆ ವಸ್ತುವಿನ ತೀಕ್ಷ್ಣತೆಯ ಅಳತೆ. ಆವಿಯಾದದ್ದು ತಾನೆ ಎಲ್ಲಿಗೆ ಹೋಗುತ್ತದೆ? ಬಾಗಿಲಿಗೆ ಮುಖವಿಟ್ಟು ಉಜ್ಜುತ್ತಿರುವವನ ಶ್ವಾಸಕೋಶಕ್ಕೆ. ಉಜ್ಜುವವನು ಹೆಚ್ಚಿನ ಸಲ ಕಾರಿನ ಒಡೆಯನಲ್ಲ, ಗ್ಯಾರೇಜಿನಲ್ಲೋ ಸರ್ವಿಸ್ ಸ್ಟೇಷನ್ನಿನಲ್ಲೋ ಕೆಲಸಕ್ಕಿರುವ ಹುಡುಗ. ಒಡೆಯ ವರ್ಷಕ್ಕೊಮ್ಮೆ ಮೂಸುವುದನ್ನು ಅವನು ದಿನವೂ ಮೂಸುತ್ತಾನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1999–2000ರ ಸುಮಾರಿಗೆ ವಾಹನ ದುರಸ್ತಿ ಮಾಡುವ ಕೆಲವು ಕೆಲಸಗಾರರಿಗೆ ಕೈಕಾಲು ಜೋಮು ಹಿಡಿಯುವ, ಬಲ ಕುಂದುವ ನರರೋಗ ಬಂತು. ಅವರು ಬಿಡಿಭಾಗ ಶುಚಿಗೊಳಿಸಲು ಸಿಂಪಡಿಸುತ್ತಿದ್ದ ದ್ರವದಲ್ಲಿದ್ದ ಹೆಕ್ಸೇನ್ ಅದಕ್ಕೆ ಕಾರಣವೆಂದು ಅಲ್ಲಿನ ಆರೋಗ್ಯ ಇಲಾಖೆ ಪತ್ತೆಮಾಡಿತು. ಹೆಕ್ಸೇನ್ ಪೆಟ್ರೋಲಿನಲ್ಲಿಯೂ ಇದೆ. ಮುಂಡಗೋಡ, ಹಳಿಯಾಳ, ದಾಂಡೇಲಿಗಳ ಗ್ಯಾರೇಜುಗಳಲ್ಲಿ ಹುಡುಗರ ಕೈ ಜೋಮು ಹಿಡಿದರೆ ಅದನ್ನು ಯಾವ ಇಲಾಖೆ ಬಂದು ಪರೀಕ್ಷಿಸೀತು?

ಒಂದು ದೇಶವೇ ಒಟ್ಟಾಗಿ ಅಂಟು ಕೆರೆದ ಪ್ರಸಂಗವೂ ನಡೆದಿದೆ. ಕಾರಿನ ಗಾಜಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸರ್ವೋಚ್ಚ ನ್ಯಾಯಾಲಯ 2012ರ ಏಪ್ರಿಲ್ 27ರಂದು ನಿಷೇಧಿಸಿತು. ಮೇ 4ರಿಂದ ಆಜ್ಞೆ ಜಾರಿಗೆ ಬಂತು. ಊರೂರಿನ ರಸ್ತೆಬದಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ಹಾಳೆ ಕೀಳಿಸಿದರು. ಕಿತ್ತ ಹಾಳೆ ಚರಂಡಿಗೆ ಹೋಯಿತು, ಗಾಜಿನಲ್ಲುಳಿದ ಅಂಟಿಗೆ ಪೆಟ್ರೋಲು, ತಿನ್ನರ್ ಬಂತು. ಸುರಕ್ಷತೆಯ ದೃಷ್ಟಿಯಿಂದ ಬಂದ ತೀರ್ಪು ಅದು. ಅದರ ಬಗ್ಗೆ ಆಕ್ಷೇಪವಿಲ್ಲ. ಆದರೆ ಅಷ್ಟು ಹಾಳೆ, ಅಷ್ಟು ಅಂಟು ಎಲ್ಲಿ ಸೇರಬೇಕೆಂದು ಆ ಬೇಸಿಗೆಯಲ್ಲಿ ಯಾವ ನಗರಸಭೆಯೂ ಯೋಚಿಸಿದಂತೆ ಕಾಣಲಿಲ್ಲ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಮಾತೇಕೆಂದು ಕೇಳುವವರಿದ್ದಾರೆ. ಬೇಡ್ತಿ ಯೋಜನೆಯನ್ನು ಪ್ರಶ್ನಿಸಿ ನಿಲ್ಲಿಸಿದ ಜಿಲ್ಲೆ ಇದು. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರವನ್ನು ಅಪ್ಪಿ ನಿಂತ ಜನರ ಜಿಲ್ಲೆ. ಇಲ್ಲಿ ಸ್ಟಿಕ್ಕರಿನ ಅಂಟಿನ ಬಗ್ಗೆ ಬರೆಯುವುದು ಹಾಸ್ಯಾಸ್ಪದವೆನಿಸಬಹುದು. ಗೋವಿನಜೋಳ, ಹತ್ತಿಯ ಹೊಲಗಳಿಗೆ ಬೀಳುವ ಕಳೆನಾಶಕ, ಕೀಟನಾಶಕಗಳ ಮುಂದೆ, ಗ್ಯಾರೇಜಿನ ಹಿತ್ತಿಲಿಗೆ ಸುರಿಯುವ ಹಳೆಯ ಎಂಜಿನ್ ಆಯಿಲಿನ ಮುಂದೆ ಇದು ಅಲ್ಪವೆಂಬುದೂ ನಿಜ. ಆದರೆ ದೊಡ್ಡ ಯೋಜನೆಯ ವಿರುದ್ಧ ಅರ್ಜಿ ಬರೆಯುವ ಕೈಯೇ ಅಂಗಳದಲ್ಲಿ ಪೆಟ್ರೋಲಿನ ಬಟ್ಟೆ ಹಿಂಡುವ ಕೈಯಾಗಿದ್ದರೆ ಆ ಅರ್ಜಿಯ ಬಲ ಸ್ವಲ್ಪ ಕಡಿಮೆಯಾಗುತ್ತದೆ. ಇದಕ್ಕೆ ಯಾವ ಸಚಿವಾಲಯದ ಅನುಮತಿಯೂ ಬೇಕಿಲ್ಲ ಎಂಬುದು ಇನ್ನೊಂದು ಅನುಕೂಲ.

ಹಾಗಾದರೆ ತೆಗೆಯುವುದು ಹೇಗೆ? ಅಂಟಿನ ಗುಣ ಅರಿತರೆ ಕೆಲಸ ಸುಲಭ. ಸ್ಟಿಕ್ಕರಿನ ಅಂಟು ಒಣಗಿ ಗಟ್ಟಿಯಾದ ಗೋಂದಲ್ಲ. ಸದಾ ಅರೆಮೆತ್ತಗೆ ಇದ್ದು ಒತ್ತಿದರೆ ಹಿಡಿಯುವ ಪದಾರ್ಥ. ಬಿಸಿ ತಾಗಿದರೆ ಅದು ಇನ್ನಷ್ಟು ಮೆದುವಾಗುತ್ತದೆ, ಎಣ್ಣೆ ಇಳಿದರೆ ಹಿಡಿತ ಬಿಡುತ್ತದೆ. ಆದ್ದರಿಂದ ಮೊದಲು ಬೇಕಾದದ್ದು ಶಾಖ. ಕಾರನ್ನು ಬೆಳಗಿನ ಬಿಸಿಲಿಗೆ ಒಂದು ಗಂಟೆ ನಿಲ್ಲಿಸಿದರೆ ಅರ್ಧ ಕೆಲಸವಾದಂತೆ. ಮೋಡದ ದಿನವಾದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ಟಿಕ್ಕರಿನ ಮೇಲೆ ಹಾಸಿ, ತಣಿದಂತೆ ಬದಲಿಸುತ್ತ ಹತ್ತು ನಿಮಿಷ ಕಾಯಬೇಕು. ಕೂದಲು ಒಣಗಿಸುವ ಡ್ರೈಯರ್ ಇದ್ದವರು ಅದನ್ನೂ ಬಳಸಬಹುದು, ಒಂದೇ ಕಡೆ ಹಿಡಿದು ನಿಲ್ಲಬಾರದು. ಆ ಮೇಲೆ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಹೊರಕ್ಕೆ ಜಗ್ಗದೆ, ಸ್ಟಿಕ್ಕರನ್ನು ಅದರ ಮೇಲೆಯೇ ಮಡಚಿದಂತೆ ಹಿಂದಕ್ಕೆ ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಹಾಳೆ ಹರಿಯುತ್ತದೆ. ನಿಧಾನಿಸಿದರೆ ಅಂಟಿನ ಬಹುಪಾಲು ಹಾಳೆಯ ಜೊತೆಗೇ ಬರುತ್ತದೆ, ಉಜ್ಜುವ ಪ್ರಶ್ನೆಯೇ ಕಡಿಮೆ.

ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸಾಕು. ತೆಳುವಾಗಿ ಸವರಿ ಕಾಲು ಗಂಟೆ ಬಿಟ್ಟರೆ ಅಂಟು ಉರುಳೆಯಾಗಿ ಬೆರಳಿಗೆ ಬರುತ್ತದೆ. ಹಟಮಾರಿ ಅಂಟಿಗೆ ನೀಲಗಿರಿ ಎಣ್ಣೆಯ ನಾಲ್ಕು ಹನಿಯನ್ನು ಬಟ್ಟೆಗೆ ಹಾಕಿ ಒರೆಸಬಹುದು. ನಿಂಬೆ, ಕಂಚಿಕಾಯಿಗಳ ಸಿಪ್ಪೆ ಹಿಂಡಿದಾಗ ಚಿಮ್ಮುವ ಎಣ್ಣೆಯಲ್ಲಿರುವ ಲಿಮೋನೀನ್ ಎಂಬ ಅಂಶಕ್ಕೂ ಅಂಟು ಕರಗಿಸುವ ಶಕ್ತಿಯಿದೆ; ಪೇಟೆಯಲ್ಲಿ ಕಿತ್ತಳೆಯ ವಾಸನೆಯ ದುಬಾರಿ ಡಬ್ಬಗಳಲ್ಲಿ ಮಾರುವುದರ ಮರ್ಮವೂ ಅದೇ. ಇವೂ ನೀರಿಗೆ ಅಮೃತವೇನಲ್ಲ. ನೀಲಗಿರಿ ಎಣ್ಣೆಯಾಗಲಿ ಸಿಪ್ಪೆಯ ಎಣ್ಣೆಯಾಗಲಿ ಹೆಚ್ಚಾದರೆ ಜಲಚರಗಳಿಗೆ ಕೇಡೇ. ಹನಿಗಳಲ್ಲಿ ಮುಗಿಯುವ ಕೆಲಸವನ್ನು ಹನಿಗಳಲ್ಲಿ ಮುಗಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಕರಗಿದ ಅಂಟನ್ನು ಬಟ್ಟೆಯಿಂದ ಒರೆಸಿ ಎತ್ತಬೇಕು, ನೀರಿನಿಂದ ತೊಳೆದು ಹರಿಯಬಿಡಬಾರದು. ಒರೆಸಿದ ಮೇಲೆ ಉಳಿಯುವ ಎಣ್ಣೆಯ ಜಿಡ್ಡಿಗೆ ಅಂಟುವಾಳದ ನೀರೋ ಸ್ವಲ್ಪ ಸೋಪೋ ಸಾಕು. ಆ ನೀರನ್ನೂ ಹಳ್ಳದ ಬದಿಯಲ್ಲಿ ಅಲ್ಲ, ಬಾವಿಯಿಂದ ದೂರದ ಗಟ್ಟಿ ನೆಲದಲ್ಲಿ ಬಳಸುವುದು ಲೇಸು.

ಈ ವಿಧಾನದ ಪರವಾಗಿ ಪರಿಸರದ ಮಾತಲ್ಲದೆ ಲಾಭದ ಮಾತೂ ಇದೆ. ಕಾರ್ಖಾನೆಯಲ್ಲಿ ಕಾಯಿಸಿ ಕೂರಿಸಿದ ಬಣ್ಣ ಅಲ್ಪಸ್ವಲ್ಪ ತಿನ್ನರನ್ನು ತಾಳಿಕೊಂಡೀತು. ಆದರೆ ಹಳೆಯ ಕಾರಿನ ಒಂದಾದರೂ ಬಾಗಿಲು ರಸ್ತೆಬದಿಯ ಗ್ಯಾರೇಜಿನಲ್ಲಿ ಮರುಬಣ್ಣ ಕಂಡಿರುವುದು ಅಪರೂಪವಲ್ಲ. ಅಂಥ ಬಣ್ಣಕ್ಕೆ ತಿನ್ನರ್ ತಾಗಿದರೆ ಅಂಟಿನ ಜೊತೆ ಬಣ್ಣವೂ ಬಟ್ಟೆಗೆ ಬರುತ್ತದೆ. ದೀಪದ ಮೇಲಿನ ಪಾರದರ್ಶಕ ಪ್ಲಾಸ್ಟಿಕ್ಕಿಗೆ ತಿನ್ನರ್ ಬಿದ್ದರೆ ಮಂಕಾಗಿ ಸೂಕ್ಷ್ಮವಾದ ಬಿರುಕು ಬಿಡುತ್ತದೆ. ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಳ ಖರ್ಚು ತಂದುಕೊಂಡಂತೆ.

ಕಂಪನಿಯ ಲಾಂಛನ, ಮಾದರಿಯ ಹೆಸರಿನ ಅಕ್ಷರಗಳದು ಬೇರೆ ಕಥೆ. ಕೆಲವರಿಗೆ ಅರ್ಧ ಅಕ್ಷರ ಉದುರಿದ ಹೆಸರನ್ನು ಪೂರ್ತಿ ತೆಗೆಯಬೇಕಿರುತ್ತದೆ. ಇವುಗಳ ಕೆಳಗೆ ಇರುವುದು ದಪ್ಪನೆಯ ಎರಡು ಬದಿಯ ಅಂಟುಪಟ್ಟಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ತಗಡು ತಗ್ಗುತ್ತದೆ. ಬಿಸಿ ಮಾಡಿ, ಮೀನಿನ ಗಾಳದ ನೈಲಾನ್ ದಾರವನ್ನು ಅಕ್ಷರದ ಹಿಂದೆ ತೂರಿಸಿ ಎರಡೂ ಕೈಯಿಂದ ಗರಗಸದಂತೆ ಎಳೆದರೆ ಅಂಟುಪಟ್ಟಿ ಕೊಯ್ದು ಬರುತ್ತದೆ. ಬಹಳ ಹಳೆಯ ಗಾಡಿಗಳಲ್ಲಿ ಲಾಂಛನದ ಹಿಂದೆ ತಗಡಿನ ತೂತಿನೊಳಗೆ ಕೂತ ಮೊಳೆಗಳಿರಬಹುದು. ಅಂಥದನ್ನು ಕಿತ್ತು ತೂತು ಮುಚ್ಚದೆ ಬಿಟ್ಟರೆ ಮಲೆನಾಡಿನ ಒಂದೇ ಮಳೆಗಾಲ ಸಾಕು, ತುಕ್ಕು ಒಳಗಿನಿಂದ ತಿನ್ನತೊಡಗುತ್ತದೆ. ದಾರ ಸಿಕ್ಕಿಕೊಂಡರೆ ಮೊಳೆ ಇದೆಯೆಂದು ತಿಳಿದು ಕೈಬಿಡುವುದೇ ಜಾಣತನ.

ಗಾಜಿನ ಮೇಲಿನ ಅಂಟಿಗೆ ಬ್ಲೇಡು ಬಳಸಬಹುದು. ಹಿಂದಿನ ಗಾಜಿಗೆ ಮಾತ್ರ ಬೇಡ. ಅಲ್ಲಿ ಅಡ್ಡಡ್ಡ ಕಾಣುವ ಸಣ್ಣ ಗೆರೆಗಳು ಮಂಜು ಕರಗಿಸುವ ತಂತಿಗಳು, ಒಂದು ಗೆರೆ ತುಂಡಾದರೆ ಅದು ಮತ್ತೆ ಬಿಸಿಯಾಗದು. ಜುಲೈ ತಿಂಗಳ ಮಳೆಯಲ್ಲಿ ಅರಬೈಲು ಘಟ್ಟ ಇಳಿಯುವವರಿಗೆ ಆ ಗೆರೆಗಳ ಬೆಲೆ ಗೊತ್ತು.

ಎಲ್ಲ ಸ್ಟಿಕ್ಕರುಗಳನ್ನೂ ಕೀಳಬೇಕಾಗಿಲ್ಲ ಎಂಬುದನ್ನು ಇಲ್ಲಿಯೇ ನೆನಪಿಸಬೇಕು. ಹೊಸ ಬಗೆಯ ಸುರಕ್ಷಿತ ನೋಂದಣಿ ಫಲಕದ ಜೊತೆ ಮುಂದಿನ ಗಾಜಿನ ಒಳಬದಿಗೆ ಅಂಟಿಸುವ ಚೀಟಿಯೊಂದಿದೆ. ಪೆಟ್ರೋಲ್ ಗಾಡಿಗೆ ತಿಳಿನೀಲಿ, ಡೀಸೆಲ್ ಗಾಡಿಗೆ ಕಿತ್ತಳೆ ಬಣ್ಣದ ಈ ಚೀಟಿ ಕಾನೂನಿನ ಪ್ರಕಾರ ಮೂರನೆಯ ನೋಂದಣಿ ಫಲಕವೇ. ಕೀಳಹೋದರೆ ತಾನೇ ಹರಿದು ನಾಶವಾಗುವಂತೆ ಅದನ್ನು ಮಾಡಿರುತ್ತಾರೆ. ಟೋಲಿನ ಫಾಸ್ಟ್ಯಾಗ್ ಹಿಂದಿನ ಒಡೆಯನ ಖಾತೆಯದು. ಅದನ್ನು ಆತ ಮುಚ್ಚಿಸಿದ ಮೇಲೆ ತೆಗೆಯಬೇಕು. ಮೈಮೇಲಿನ ಹೆಸರು ಅಳಿಸುವ ಮೊದಲು ಕಾಗದದ ಮೇಲಿನ ಹೆಸರು ಬದಲಾಗಬೇಕು. ಕೊಂಡವನು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅಂಟು ತೆಗೆಯುವ ಉತ್ಸಾಹದಲ್ಲಿ ಎಷ್ಟೋ ಮಂದಿ ಇದನ್ನು ಮರೆಯುತ್ತಾರೆ. ಕಾಲೊನಿಯ ಹಿರಿಯರಿಗಂತೂ ಆರ್.ಸಿ. ಎಂದೊಡನೆ ಮೊದಲು ನೆನಪಾಗುವುದು ವಾಹನದ್ದಲ್ಲ. ಈ ದೇಶದಲ್ಲಿ ವಾಸಿಸಲು ಟಿಬೆಟನ್ ನಿರಾಶ್ರಿತರಿಗೆ ಕೊಡುವ ನೋಂದಣಿ ಪತ್ರದ ಹೆಸರೂ ಆರ್.ಸಿ.ಯೇ. ಕಾಗದದ ಬೆಲೆಯನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅಂಟೆಲ್ಲ ಹೋದ ಮೇಲೂ ಒಂದು ಸಂಗತಿ ಉಳಿಯುತ್ತದೆ. ವರ್ಷಗಟ್ಟಲೆ ಸ್ಟಿಕ್ಕರಿನ ಮರೆಯಲ್ಲಿದ್ದ ಬಣ್ಣ ಬಿಸಿಲು ಕಂಡಿಲ್ಲ, ಸುತ್ತಲಿನ ಬಣ್ಣ ಮಾಸಿದೆ. ಹಾಗಾಗಿ ಹಿಂದಿನ ಹೆಸರು ಬಾಗಿಲ ಮೇಲೆ ನೆರಳಿನಂತೆ ಓದಲು ಬರುತ್ತದೆ. ಇದು ಅಂಟಲ್ಲ, ಎಷ್ಟು ಪೆಟ್ರೋಲ್ ಸುರಿದರೂ ಹೋಗುವುದಿಲ್ಲ. ಇದನ್ನು ಅರಿಯದೆ ಮತ್ತೆ ಮತ್ತೆ ತಿನ್ನರ್ ಹಾಕಿ ಉಜ್ಜುವುದರಿಂದಲೇ ಅತಿ ಹೆಚ್ಚಿನ ಹಾನಿ ಆಗುವುದು. ಪಾಲಿಷ್ ಮಾಡುವವರು ಉಜ್ಜುವ ಪೇಸ್ಟಿನಿಂದ ಮೇಲಿನ ತೆಳುಪದರವನ್ನು ಸವೆಸಿ ಮಟ್ಟ ಮಾಡಿಕೊಡುತ್ತಾರೆ. ಆ ಪದರ ಬಣ್ಣವನ್ನು ಕಾಯುವ ಪದರ ಎಂಬುದನ್ನು ಅವರು ಹೇಳುವುದು ಕಡಿಮೆ. ನೆರಳನ್ನು ಹಾಗೆಯೇ ಬಿಟ್ಟರೆ ಬಿಸಿಲು ತಾನೇ ನಿಧಾನವಾಗಿ ಅದನ್ನು ಮಸುಕಾಗಿಸುತ್ತದೆ. ಇನ್ನೊಬ್ಬರ ಹೆಸರಿನ ಮಸುಕು ನೆರಳೊಂದು ಬಾಗಿಲ ಮೇಲೆ ಕೆಲವು ವರ್ಷ ಇದ್ದರೆ ಗಾಡಿಯ ಓಟಕ್ಕೇನೂ ಕುಂದಿಲ್ಲ.

ಕಿತ್ತ ಹಾಳೆಯ ವಿಲೇವಾರಿಯ ಬಗ್ಗೆಯೂ ಒಂದು ಮಾತು. ಸ್ಟಿಕ್ಕರಿನ ಹಾಳೆ ಕಾಗದದಂತೆ ಕಂಡರೂ ಹೆಚ್ಚಿನವು ಪಿ.ವಿ.ಸಿ. ಪ್ಲಾಸ್ಟಿಕ್ಕಿನವು. ಹಿತ್ತಿಲ ದರಕಿನ ರಾಶಿಗೆ ಹಾಕಿ ಸುಟ್ಟರೆ ಆಮ್ಲದ ಹೊಗೆಯೂ ಡಯಾಕ್ಸಿನ್ ಎಂಬ ಘೋರ ವಿಷವೂ ಹೊರಡುತ್ತವೆ. ಹೊಳೆಯುವ ಲಾಂಛನ ಲೋಹವಲ್ಲ. ಪ್ಲಾಸ್ಟಿಕ್ಕಿಗೆ ತಾಮ್ರ, ನಿಕ್ಕಲ್, ಕ್ರೋಮಿಯಂ ಲೇಪಿಸಿದ್ದು. ಹಾಳೆ, ಲಾಂಛನ, ಅಂಟು ಒರೆಸಿದ ಬಟ್ಟೆ ಮೂರನ್ನೂ ಒಂದು ಪೊಟ್ಟಣ ಕಟ್ಟಿ ಪಂಚಾಯಿತಿಯ ಒಣಕಸದ ಗಾಡಿಗೆ ಕೊಡಬೇಕು, ಒಳಗೇನಿದೆಯೆಂದು ಹೇಳಿಯೇ ಕೊಡಬೇಕು.

ಹೊಣೆಯನ್ನೆಲ್ಲ ಕೊಳ್ಳುವ ಬಡವನ ಮೇಲೆ ಹೊರಿಸುವುದು ನ್ಯಾಯವಲ್ಲ. ಹಳೆಯ ಕಾರು ಮಾರುವ ಮಳಿಗೆಗಳು ಗಾಡಿಯನ್ನು ತೊಳೆದು ಹೊಳಪು ಮಾಡಿ ನಿಲ್ಲಿಸುತ್ತವೆ. ಹಿಂದಿನ ಒಡೆಯನ ಬರಹಗಳನ್ನು ತೆಗೆದುಕೊಡುವುದು ಅವರ ಕೆಲಸವಾಗಬೇಕು. ಅವರಲ್ಲಿ ಬಿಸಿಗಾಳಿಯ ಯಂತ್ರವಿದೆ, ಕೊಳಚೆ ಹಿಡಿಯುವ ಗುಂಡಿ ಮಾಡಿಕೊಳ್ಳಲು ಜಾಗವಿದೆ. ಕೊಳ್ಳುವವರು ಬೆಲೆಯ ಚೌಕಾಸಿಯ ಹೊತ್ತಿಗೇ ಇದನ್ನು ಕೇಳಬೇಕು. ಸರ್ವಿಸ್ ಸ್ಟೇಷನ್ನುಗಳು ಎಣ್ಣೆ ಬೇರ್ಪಡಿಸುವ ತೊಟ್ಟಿಯನ್ನು ಹೊಂದಿವೆಯೇ ಎಂದು ಗ್ರಾಮ ಪಂಚಾಯಿತಿಗಳು ಹೋಗಿ ನೋಡಬೇಕು. ಹೊಳೆ, ಬಾವಿಗಳಿಗೆ ಮಲಿನ ವಸ್ತು ಬಿಡುವುದನ್ನು 1974ರ ಜಲಮಾಲಿನ್ಯ ಕಾಯ್ದೆ ಆಗಲೇ ನಿಷೇಧಿಸಿದೆ. ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ಅತ್ತಿವೇರಿಯಂಥ ಪಕ್ಷಿಧಾಮವಿರುವ ತಾಲ್ಲೂಕಿನಲ್ಲಿ, ಚಮಚಕೊಕ್ಕಿನ ಹಕ್ಕಿಗಳು ಕೆಸರು ಬಗೆದು ಉಣ್ಣುವ ನೀರಿರುವಲ್ಲಿ, ಕೆರೆದಂಡೆಯಲ್ಲಿ ವಾಹನ ತೊಳೆಯುವುದನ್ನು ತಡೆಯುವ ಒಂದು ಫಲಕ ಹಾಕುವುದು ಪಂಚಾಯಿತಿಗೆ ಭಾರವಾಗಲಾರದು. ಫಲಕ ಕನ್ನಡದಲ್ಲಿಯೂ ಟಿಬೆಟನ್ ಲಿಪಿಯಲ್ಲಿಯೂ ಇರಲಿ.

ಅಂಟು ತೆಗೆದ ಮರುದಿನವೇ ಹೊಸ ಒಡೆಯ ಸ್ಟಿಕ್ಕರಿನ ಅಂಗಡಿಗೆ ಹೋಗುವ ವಾಡಿಕೆಯೊಂದಿದೆ. ಹಿಂದಿನವನ ದೇವರು ಹೋದಲ್ಲಿ ಇವನ ದೇವರು, ಹಿಂದಿನವನ ಮಗಳ ಹೆಸರಿದ್ದಲ್ಲಿ ಇವನ ಮಗಳ ಹೆಸರು. ಆದರೆ ಟಿಬೆಟನ್ನರು ಶುಭವೆಂದು ಕೊಡುವ ಖತಾ ಎಂಬ ಬಿಳಿಯ ಶಲ್ಯವನ್ನು ಗಾಡಿಯ ಕನ್ನಡಿಗೆ ಸುತ್ತಬಹುದು. ಕನ್ನಡದ ಹಳ್ಳಿಯವರು ಆಯುಧಪೂಜೆಯಂದು ಮುಂಭಾಗಕ್ಕೆ ಚೆಂಡುಹೂವಿನ ಮಾಲೆಯನ್ನು, ನಿಂಬೆ ಮೆಣಸಿನಕಾಯಿಯ ಸರವನ್ನು ಕಟ್ಟುತ್ತಾರೆ. ಗಾಡಿ ಮತ್ತೊಬ್ಬನ ಕೈಗೆ ಹೋಗುವ ದಿನ ಅವುಗಳ ಗಂಟು ಬಿಚ್ಚಲು ಅರ್ಧ ನಿಮಿಷ ಬೇಕು.